ಹಿರೇ ಸೊಸಿ ಇಲ್ಲದ ಬೋರ್ಡು

ಒಂದು ಬೋರ್ಡನ್ನು ಕೆಡಿಸದೆ ನಮ್ಮ ಕೆಲಸ ಶುರುವಾಗುವುದೇ ಇಲ್ಲ. ಹೊಸ ಗಿರಾಕಿ ಹೊಸ ಬೋರ್ಡು ಕಳಿಸಿದನೆಂದರೆ ನಾನು ಮೊದಲು ಕೇಳುವುದು, "ಕೆಡಸಲಿಕ್ಕೆ ಒಂದು ಹೆಚ್ಚಿಗಿ ಇಟ್ಟಾರೇನು?" ಎಂದು. ಇಟ್ಟಿಲ್ಲ ಎಂದರೆ ಅಲ್ಲಿಂದಲೇ ನನ್ನ ಸಿಟ್ಟು ಶುರು. ಹುಬ್ಬಳ್ಳಿಯ ಹೊರವಲಯದ ಈ ಸಣ್ಣ ಕಾರ್ಖಾನೆಯಲ್ಲಿ ನನಗೆ ಸಂಬಳ ಕೊಡುವುದೇ ಕೆಡಿಸುವುದಕ್ಕೆ ಎಂದು ಮಾಲೀಕರು ಚೇಷ್ಟೆ ಮಾಡುತ್ತಾರೆ. ಅವರದು ತಲೆತಲಾಂತರದಿಂದ ಹತ್ತಿ ವ್ಯಾಪಾರದ ಮನೆತನ. ಹತ್ತಿಯನ್ನಾದರೆ ಬೆರಳಲ್ಲಿ ಎಳೆದು ನೋಡಿದರೆ ಗುಣ ತಿಳಿಯುತ್ತದೆ, ಇದೇನು ನಿಮ್ಮದು ಸುಟ್ಟು ನೋಡುವ ವ್ಯಾಪಾರ ಎಂಬುದು ಅವರ ತಕರಾರು.

ನಾವು ಮಾಡುವುದು ಬೇರೆಯವರ ಯಂತ್ರಗಳಿಗೆ ಸರ್ಕ್ಯೂಟ್ ಬೋರ್ಡು ಜೋಡಿಸಿಕೊಡುವ ಕೆಲಸ. ಹಸಿರು ಹಲಗೆಯ ಮೇಲೆ ಬೆಸುಗೆಯ ಬೂದು ಪೇಸ್ಟನ್ನು ಅಚ್ಚೊತ್ತಿ, ಅದರ ಮೇಲೆ ಎಳ್ಳಿನಷ್ಟು, ಸಾಸಿವೆಯಷ್ಟು ಸಣ್ಣ ಭಾಗಗಳನ್ನು ಕೂಡಿಸಿ, ಚಲಿಸುವ ಸರಪಳಿಯ ಮೇಲಿಟ್ಟು ಉದ್ದನೆಯ ಒಲೆಯೊಳಗೆ ಕಳಿಸುತ್ತೇವೆ. ಒಲೆಯಲ್ಲಿ ಒಂದರ ಹಿಂದೊಂದು ಕೋಣೆಗಳಿವೆ. ಮೊದಲಿನ ಕೋಣೆಗಳಲ್ಲಿ ಬೋರ್ಡು ಮೆಲ್ಲಗೆ ಬೆಚ್ಚಗಾಗಬೇಕು, ನಡುವೆ ತುಸು ಹೊತ್ತು ಒಂದೇ ಬಿಸಿಯಲ್ಲಿ ಇರಬೇಕು, ಕೊನೆಗೆ ಒಮ್ಮೆ ಬಿಸಿ ಏರಿ ಪೇಸ್ಟು ಕರಗಿ, ಫ್ಯಾನಿನ ಗಾಳಿಗೆ ಆರಿ ಗಟ್ಟಿಯಾಗಬೇಕು. ಹೆಚ್ಚಾದರೆ ಭಾಗಗಳು ಸುಡುತ್ತವೆ. ಕಡಿಮೆಯಾದರೆ ಬೆಸುಗೆ ಹಿಡಿದಂತೆ ಕಾಣುತ್ತದೆ, ಹಿಡಿದಿರುವುದಿಲ್ಲ. ಯಾವ ಕೋಣೆಗೆ ಎಷ್ಟು ಬಿಸಿ, ಸರಪಳಿಗೆ ಎಷ್ಟು ವೇಗ ಎಂದು ಪ್ರತಿ ಬೋರ್ಡಿಗೂ ಬೇರೆಬೇರೆಯಾಗಿ ಗೊತ್ತುಮಾಡುವುದಕ್ಕೆ ಪ್ರೊಫೈಲ್ ಹಾಕುವುದು ಎನ್ನುತ್ತೇವೆ. ಅದು ನನ್ನ ಕೆಲಸ.

ಒಲೆಯ ಪರದೆ ತೋರಿಸುವುದು ಒಲೆಯ ಬಿಸಿಯನ್ನು, ಬೋರ್ಡಿನದನ್ನಲ್ಲ. ಹಂಚು ಕಾದಿದೆ ಎಂದರೆ ರೊಟ್ಟಿ ಬೆಂದಿದೆ ಎಂದಲ್ಲವಲ್ಲ. ಬೋರ್ಡಿಗೆ ಎಷ್ಟು ಬಿಸಿ ತಾಗಿತು ಎಂದು ತಿಳಿಯಬೇಕಾದರೆ ಕೂದಲೆಳೆಯಂಥ ಅಳತೆಯ ತಂತಿಗಳನ್ನು ಒಂದು ಬೋರ್ಡಿಗೇ ಅಂಟಿಸಿ ಒಳಗೆ ಕಳಿಸಬೇಕು. ಅದು ಬೇಯುತ್ತ ಹೋದಂತೆ ಕಂಪ್ಯೂಟರಿನಲ್ಲಿ ಗೆರೆಯೊಂದು ಏರುತ್ತ ಹೋಗುತ್ತದೆ. ಆ ಗೆರೆ ನೋಡಿ ಬಿಸಿಯನ್ನು ಹೆಚ್ಚುಕಡಿಮೆ ಮಾಡಿ ಅದನ್ನೇ ಮತ್ತೆ ಕಳಿಸಬೇಕು. ಹೀಗೆ ಹತ್ತಾರು ಸಲ ಬೆಂದ ಬೋರ್ಡನ್ನು ಆಮೇಲೆ ಯಾರಿಗೂ ಕೊಡಲು ಬರುವುದಿಲ್ಲ. ನಮ್ಮ ಲೈನಿನ ಹೆಣ್ಣುಮಕ್ಕಳು ಅದಕ್ಕೆ ಹಿರೇ ಸೊಸಿ ಎಂದು ಹೆಸರಿಟ್ಟಿದ್ದಾರೆ. "ಮದಲ ಆಕಿ ಹೋಗಿ ಬೆಂದ ಬರತಾಳ್ರಿ. ಆಮ್ಯಾಲ ಉಳದ ಸೊಸ್ತ್ಯಾರು ಆರಾಮ ಹೊಕ್ಕಾರ" ಎಂದು ನಗುತ್ತಾರೆ. ನಾನೂ ನನ್ನ ಅತ್ತೆಮನೆಗೆ ಹಿರಿಯ ಸೊಸೆಯೇ. ಈ ಮಾತಿಗೆ ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನೇ.

ಉಳಿದಂತೆ ನಾನು ಅಷ್ಟು ನಗುವವಳಲ್ಲ. ಪೇಸ್ಟು ಇಡುವ ಫ್ರಿಜ್ಜಿನಲ್ಲಿ ಮಜ್ಜಿಗೆ ಬಾಟಲಿ ಕಂಡರೆ ಯಾರದೆಂದು ಕೇಳದೆ ಹೊರಗೆ ಇಡುತ್ತೇನೆ. ಅಂದಾಜು ಎಂಬ ಶಬ್ದ ಕೇಳಿದರೆ ಮೈ ಉರಿಯುತ್ತದೆ. ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ ಅತ್ತೆಯವರು ಅಂದಾಜಿನ ಮೇಲೆ ಉಪ್ಪು ಹಾಕುತ್ತಾರೆ, ಅದು ಯಾವಾಗಲೂ ಸರಿಯಾಗಿರುತ್ತದೆ. ಇದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅಳೆಯದೇ ಇದ್ದದ್ದು ಗೊತ್ತಾಗಿಲ್ಲ ಎಂದೇ ಅರ್ಥ ಎಂದು ನಂಬಿ ಬದುಕಿದವಳು ನಾನು.

ಒಲೆಯ ಬಾಯಿಂದ ಹೊರಬಂದ ಬೋರ್ಡುಗಳನ್ನು ಭೂತಗನ್ನಡಿಯ ಕೆಳಗಿಟ್ಟು ನೋಡುವ ಕೆಲಸಕ್ಕೆ ಕೆಲಗೇರಿಯಿಂದ ಒಬ್ಬಾಕೆ ಬರುತ್ತಾಳೆ. ನನಗಿಂತ ಬಹಳ ಚಿಕ್ಕವಳು. ಧಾರವಾಡದಿಂದ ಬರುವವರು ನಾವಿಬ್ಬರೇ ಆದ್ದರಿಂದ ದಿನಾ ಒಂದೇ ಬಸ್ಸು ಹಿಡಿಯುತ್ತೇವೆ. ಅವಳ ಮಗಳು ಹುಟ್ಟುಕಿವುಡಿ. ಸರ್ಕಾರದ ಯೋಜನೆಯಲ್ಲಿ ಆ ಕೂಸಿಗೆ ಆಪರೇಷನ್ ಆಗಿ ಕಿವಿಯ ಹಿಂದೆ ತಲೆಬುರುಡೆಯೊಳಗೆ ಒಂದು ಯಂತ್ರ ಕೂಡಿಸಿದ್ದರು. ಹೊರಗೆ ಕಿವಿಗೆ ಸಿಕ್ಕಿಸುವ ಇನ್ನೊಂದು ಯಂತ್ರ. ಹೊರಗಿನದು ಸಪ್ಪಳ ಹಿಡಿದು ಒಳಗಿನದಕ್ಕೆ ಕೊಡುತ್ತದೆ. ಹೊರಗಿನದು ಇಲ್ಲದಿದ್ದರೆ ಒಳಗಿನದು ಇದ್ದೂ ಇಲ್ಲದಂತೆ.

ಆ ಯಂತ್ರ ಬಂದ ಮೇಲೆ ಕೂಸು ಒಂದೊಂದೇ ಮಾತು ಕಲಿಯತೊಡಗಿತು. ಹೊಸ ಮಾತು ಬಂದ ಮರುದಿನ ಮುಂಜಾನೆ ಅವಳು ಬಸ್ಸಿನಲ್ಲೇ ನನಗೆ ವರದಿ ಒಪ್ಪಿಸುತ್ತಿದ್ದಳು. "ಅಕ್ಕಾರ, ನಿನ್ನಿ ಎಮ್ಮಿ ಅಂದಳ್ರಿ." "ಅಕ್ಕಾರ, ಬಾ ಅಂದಳ್ರಿ." ಅವ್ವ ಎಂದ ದಿನ ಹೇಳಲಾರದೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಆದರೆ ಅವಳು ಲೈನಿಗೆಲ್ಲ ಗಿರಮಿಟ್ಟು ಮಿರ್ಚಿ ಹಂಚಿದ್ದು ಕೂಸು ಒಲ್ಲೆ ಎಂದ ದಿನ. ಹೆತ್ತ ಕೂಸು ಒಲ್ಲೆ ಎಂದದ್ದಕ್ಕೆ ಊರಿಗೆಲ್ಲ ತಿನಿಸು ಹಂಚಿದ ತಾಯಿಯನ್ನು ನಾನು ಇನ್ನೊಬ್ಬಳನ್ನು ಕಂಡಿಲ್ಲ. "ತಂದು ಇಟ್ಟಿದ್ದು ತಿನ್ನೂದಷ್ಟ ಗೊತ್ತಿತ್ರಿ ಆಕಿಗೆ. ಈಗ ಬ್ಯಾಡ ಅನ್ನಾಕ ಬರತೈತಿ ನೋಡ್ರಿ" ಎಂದಳು. ಅವತ್ತು ನಾನು ಎರಡು ಮಿರ್ಚಿ ತಿಂದೆ.

ಒಂದು ದಿನ ಆಡುತ್ತಿದ್ದಾಗ ಕಿವಿಯ ಯಂತ್ರ ಕಳಚಿ ಹೊಸ್ತಿಲ ಕಲ್ಲಿನ ಮೇಲೆ ಬಿತ್ತು. ಮೇಲೆ ಒಂದು ಗೀರೂ ಇರಲಿಲ್ಲ. ಆದರೆ ಅದರ ಹಸಿರು ದೀಪ ಒಮ್ಮೆ ಹತ್ತುವುದು, ಒಮ್ಮೆ ಆರುವುದು ಶುರುವಾಯಿತು. ಹೆಬ್ಬೆರಳಿನಿಂದ ಒಂದು ಕಡೆ ಒತ್ತಿ ಹಿಡಿದರೆ ದೀಪ ಹತ್ತುತ್ತಿತ್ತು, ಬಿಟ್ಟರೆ ಆರುತ್ತಿತ್ತು. ಕಂಪನಿಗೆ ಕೇಳಿದರೆ, ಇದು ಹಳೆಯ ಮಾದರಿ, ಗ್ಯಾರಂಟಿ ಮುಗಿದಿದೆ, ರಿಪೇರಿ ಇಲ್ಲ, ಹೊಸದೇ ಕೊಳ್ಳಬೇಕು ಎಂದರು. ಹೊಸದರ ಬೆಲೆ ಕೇಳಿ ಅವಳ ಗಂಡ ಫೋನಿಟ್ಟು ಸುಮ್ಮನೆ ಎದ್ದು ಹೊರಗೆ ಹೋದನಂತೆ. ಯೋಜನೆಯಲ್ಲಿ ಒಮ್ಮೆ ಕೊಟ್ಟಾಗಿದೆ, ಎರಡನೆಯದಕ್ಕೆ ಅರ್ಜಿ ಮೇಲಕ್ಕೆ ಹೋಗಬೇಕು. ಅರ್ಜಿ ಹೋಯಿತು. ಎಲ್ಲಿ ಇದೆ ಎಂದು ಕೇಳಿದಾಗಲೆಲ್ಲ ಅವಳು ಕೈ ಮೇಲೆ ತೋರಿಸಿ "ಮ್ಯಾಲ ಐತ್ರಿ" ಎನ್ನುತ್ತಿದ್ದಳು.

ಅಷ್ಟರವರೆಗೆ ಅವಳು ಒಂದು ಉಪಾಯ ಮಾಡಿದಳು. ಕೆಲಸದಿಂದ ಮನೆಗೆ ಹೋದವಳೇ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, ಆ ಯಂತ್ರವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಮಾತಾಡುತ್ತ ಕೂರುವುದು. ಅಡಿಗೆ ಗಂಡ ಮಾಡುತ್ತಿದ್ದ. ಬೆರಳು ಸೋತರೆ ಕೂಸಿಗೆ ಲೋಕವೇ ಬಂದ್. ಮುಂಜಾನೆ ಬಸ್ಸಿನಲ್ಲಿ ಅವಳು ಕಂಬಿ ಹಿಡಿಯುವಾಗ ಹೆಬ್ಬೆರಳನ್ನು ಹೊರಗೆ ಚಾಚಿಕೊಂಡಿರುತ್ತಿದ್ದಳು, ಅಷ್ಟು ನೋವು. ಕೆಲವು ವಾರ ಹೀಗೆ ನಡೆಯಿತು. ಆಮೇಲೆ ಒತ್ತಿದರೂ ದೀಪ ಹತ್ತದಾಯಿತು.

ವರದಿಗಳು ಆಗಲೂ ನಿಲ್ಲಲಿಲ್ಲ. ಅದೇ ಬಸ್ಸು, ಅದೇ ದನಿ. "ಅಕ್ಕಾರ, ಎಮ್ಮಿ ಹೋತ್ರಿ." ಮಾತು ಕಲಿಸುವ ಟೀಚರು ಮೊದಲೇ ಹೇಳಿದ್ದರಂತೆ, ಈ ವಯಸ್ಸಿನಲ್ಲಿ ಕೇಳಿಸುವುದು ನಿಂತರೆ ಕಲಿತ ಮಾತು ಅಳಿಸಿಹೋಗುತ್ತದೆ ಎಂದು. ಎಮ್ಮಿ ಹೋಯಿತು, ಬಾ ಹೋಯಿತು. ನಾನು ಕೇಳಿಸಿಕೊಳ್ಳುತ್ತಿದ್ದೆ. ಹೂಂ ಎನ್ನುತ್ತಿದ್ದೆ.

ಒಂದು ಮುಂಜಾನೆ ಅವಳು ಯಂತ್ರವನ್ನು ಕರವಸ್ತ್ರದಲ್ಲಿ ಸುತ್ತಿ ತಂದು ನನ್ನ ಟೇಬಲ್ಲಿನ ಮೇಲಿಟ್ಟಳು. "ಇದು ಡ್ರೈ ಸೋಲ್ಡರ್ ಐತ್ರಿ ಅಕ್ಕಾರ, ಬೆಸುಗಿ ಬಿಟ್ಟೈತಿ. ಒತ್ತಿದ್ರ ಹತ್ತತಿತ್ತು, ಬಿಟ್ರ ಆರತಿತ್ತು. ಇಂಥಾವು ದಿನಾ ನೋಡತೇವಿ ನಾವು. ಒಲ್ಯಾಗ ಒಮ್ಮಿ ಹಾಕಿ ತಗೀರಿ."

ಬಿಚ್ಚಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದೆ. ಇಬ್ಬರಿಗೂ ಒಂದೇ ಅನುಮಾನವಿತ್ತು, ಅದು ನಿಜವೂ ಆಗಿತ್ತು. ಒಳಗಿನ ಉಗುರಗಲದ ಬೋರ್ಡಿನ ಪಟ್ಟಿಯ ಮೇಲೆ ಒಂದು ಎಲೆಕ್ಟ್ರಾನಿಕ್ ಚಿಪ್ಪು, ಅದರ ಅಡಿಯಲ್ಲಿ ಬೆಸುಗೆ ಬಿರಿದಿತ್ತು. ಚಿಪ್ಪಿನ ಅಡಿಯವರೆಗೆ ಬೆಸುಗೆ ಹಾಕುವ ಕಾದ ಕಡ್ಡಿ ಹೋಗುವುದಿಲ್ಲ. ಬಿಸಿಗಾಳಿ ಊದಿದರೆ ಪಕ್ಕದ ಭಾಗಗಳು ಹಾರಿಹೋಗುತ್ತವೆ. ಇಡೀ ಪಟ್ಟಿಗೆ ಒಂದೇ ಸಮ ಬಿಸಿ ಕೊಟ್ಟು ಬೆಸುಗೆಯನ್ನು ಮತ್ತೆ ಕರಗಿಸಬೇಕು, ಅಂದರೆ ಒಲೆಯೇ ಆಗಬೇಕು. ಕರಗಬೇಕಾದರೆ ಇನ್ನೂರ ಹದಿನೇಳು ಡಿಗ್ರಿ ದಾಟಬೇಕು. ಆದರೆ ಅದೇ ಪಟ್ಟಿಯ ತುದಿಯಲ್ಲಿ ಜೋಳದ ಕಾಳಿಗಿಂತ ಸಣ್ಣ ಎರಡು ಮೈಕುಗಳಿದ್ದವು. ಸಪ್ಪಳ ಹಿಡಿಯುವುದು ಅವೇ. ಆ ಜಾತಿಯ ಮೈಕು ಅಷ್ಟು ಬಿಸಿಯನ್ನು ತಾಳುವುದಿಲ್ಲ. ಅಂಟು ಹಾಕಿ ಕೂಡಿಸಿದ್ದರಿಂದ ಅವನ್ನು ತೆಗೆದಿಟ್ಟು ಮತ್ತೆ ಕೂಡಿಸಲೂ ಬರುವಂತಿರಲಿಲ್ಲ.

"ಆಗೂದಿಲ್ಲ ತಂಗಿ" ಎಂದೆ. "ಇದಕ್ಕ ಪ್ರೊಫೈಲ್ ಹೆಂಗ ಹಾಕ್ಲಿ? ಕೆಡಸಿ ನೋಡ್ಲಿಕ್ಕೆ ಇಂಥಾದ್ದೇ ಇನ್ನೊಂದು ಬೇಕು."

"ಇನ್ನೊಂದು ಇದ್ದಿದ್ರ ಇದನ್ನ ಯಾಕ ತರತಿದ್ನಿರಿ?" ಎಂದಳು.

ಆಗೂದಿಲ್ಲ ಎಂಬುದನ್ನೇ ಇನ್ನೆರಡು ಸಲ, ಸ್ವಲ್ಪ ದನಿ ಏರಿಸಿ ಹೇಳಿದೆ. ಅವಳು ಕರವಸ್ತ್ರ ಸುತ್ತಿಕೊಂಡು ಎದ್ದು ಹೋದಳು. ಆ ವಾರ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಮೊಬೈಲ್ ರಿಪೇರಿ ಮಾಡುವವನ ಹತ್ತಿರ ಒಯ್ದಳು. ಅವನು ನೋಡಿದವನೇ ಹಿಂದಕ್ಕೆ ಕೊಟ್ಟನಂತೆ. "ಅಷ್ಟ ದೊಡ್ಡ ಒಲಿ ಇಟಗೊಂಡು ನನ್ನ ಕಡೆ ಯಾಕ ಬಂದೀರಿ ಅಂದಾ" ಎಂದು ಬಸ್ಸಿನಲ್ಲಿ ಹೇಳಿದಳು. ನನಗೆ ಚುಚ್ಚಬೇಕೆಂದು ಹೇಳಿದ್ದಲ್ಲ, ನಡೆದದ್ದನ್ನು ಹೇಳಿದ್ದು. ಆದರೂ ಚುಚ್ಚಿತು.

ನಾನೂ ಸುಮ್ಮನೆ ಕೂರಲಿಲ್ಲ. ಕಂಪನಿಗೆ ಫೋನು ಹಚ್ಚಿದೆ. ಆ ಕಡೆಯ ಹುಡುಗಿ ಎಷ್ಟು ಮರ್ಯಾದೆಯಿಂದ ಇಲ್ಲ ಎಂದಳೆಂದರೆ ಬಯ್ಯಲು ಸಿದ್ಧಮಾಡಿಕೊಂಡಿದ್ದ ಮಾತುಗಳು ಗಂಟಲಲ್ಲೇ ಉಳಿದವು. ಕೂಸಿನ ತಾಯಿಯ ಜೊತೆ ಯೋಜನೆಯ ಕಚೇರಿಗೆ ಹೋದೆ. ಅಲ್ಲಿಯ ಗುಮಾಸ್ತ ಕುರ್ಚಿ ಕೊಟ್ಟು, ಕಂಪ್ಯೂಟರು ನಮ್ಮ ಕಡೆ ತಿರುಗಿಸಿ, "ನಾವು ಕಳಿಸೇವಿ ನೋಡ್ರಿ ತಾಯಿ, ಮುಂದಿಂದು ನಮ್ಮ ಕೈಯಾಗಿಲ್ಲ" ಎಂದ. ಅವನಿಗೂ ನಿಜವಾಗಿ ಕೆಟ್ಟೆನಿಸಿತ್ತು. ಬಯ್ಯುವುದಕ್ಕೆ ಒಬ್ಬ ಕೆಟ್ಟ ಮನುಷ್ಯ ಸಿಕ್ಕಿದ್ದರೆ ನನಗೆ ಎಷ್ಟೋ ಆರಾಮಾಗುತ್ತಿತ್ತು. ಎಲ್ಲರೂ ಒಳ್ಳೆಯವರೇ, ಎಲ್ಲರೂ ತಮ್ಮ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು, ಕೂಸು ಮಾತ್ರ ಮಾತು ಕಳೆದುಕೊಳ್ಳುತ್ತಿತ್ತು.

ಒಂದು ದಿನ ಅವಳು ಬಸ್ಸಿನಲ್ಲಿ ಏನೂ ಹೇಳಲಿಲ್ಲ. ನವನಗರ ದಾಟಿದ ಮೇಲೆ ನಾನೇ ಏನಾಯಿತೆಂದು ಕೇಳಿದೆ. "ಅವ್ವಾ ಅನ್ನಾಕ ಬರವಲ್ದ್ರಿ. ಬರೇ ಆ... ಆ... ಅಂತಾಳ" ಎಂದಳು. ಆಮೇಲೆ ನನ್ನ ಮುಖ ನೋಡದೆ ಕೇಳಿದಳು. "ಈಗರ ಹಾಕ್ರಿ ಅಕ್ಕಾರ. ಹೊಸಾದು ಬಂದ್ರ ಇದು ಸುಟ್ರೂ ನಡೀತೈತಿ. ಬರಲಿಲ್ಲಂದ್ರ ಇದು ಹೆಂಗೂ ಸತ್ತದ್ದ. ಎರಡರಾಗ ಯಾವದಕ್ಕ ಇದನ್ನ ಕಾಪಾಡಿ ಇಡೂನು?"

ಲೆಕ್ಕ ಸರಿಯಾಗಿತ್ತು. ತಪ್ಪು ಹುಡುಕಲು ಹುಬ್ಬಳ್ಳಿ ಬರುವವರೆಗೂ ಪ್ರಯತ್ನಿಸಿದೆ, ಸಿಗಲಿಲ್ಲ. ಇಳಿಯುವಾಗ "ಶನಿವಾರ ತಾ" ಎಂದೆ.

ಮಾಲೀಕರನ್ನು ಕೇಳಿದರೆ "ಮಾಡ್ರಿ, ಒಲಿ ಏನ ಸವೆಯೂದಿಲ್ಲ" ಎಂದರು. ಶನಿವಾರ ಮಧ್ಯಾಹ್ನಕ್ಕೆ ಲೈನು ನಿಲ್ಲುತ್ತದೆ. ಎಲ್ಲರೂ ಹೋದ ಮೇಲೆ ನಾನು, ಅವಳು, ಕೂಸು ಮೂವರೇ ಉಳಿದೆವು. ಕೂಸು ತಾಯಿಯ ಸ್ಟೂಲಿನ ಮೇಲೆ ಕೂತು, ಬೋರ್ಡು ಸುತ್ತಿ ಬರುವ ಗುಳ್ಳೆಗಳ ಪ್ಲಾಸ್ಟಿಕ್ಕನ್ನು ಒಂದೊಂದೇ ಒಡೆಯುತ್ತಿತ್ತು.

ಹಿರೇ ಸೊಸಿ ಇಲ್ಲವಲ್ಲ, ಅದಕ್ಕೆ ನಾನೊಂದು ಬದಲಿ ಮಾಡಿದೆ. ರದ್ದಿಯಲ್ಲಿದ್ದ ತೆಳು ಪಟ್ಟಿಯೊಂದನ್ನು ಅಷ್ಟೇ ಅಳತೆಗೆ ಕತ್ತರಿಸಿ, ಅಷ್ಟೇ ತೂಕ ಬರುವಂತೆ ಭಾಗಗಳನ್ನು ಕೂಡಿಸಿ, ಚಿಪ್ಪಿನ ಜಾಗದಲ್ಲಿ ಒಂದು ತಂತಿ, ಮೈಕಿನ ಜಾಗದಲ್ಲಿ ಒಂದು ತಂತಿ ಅಂಟಿಸಿದೆ. ಮೈಕಿನ ಕಡೆಗೆ ಬಿಸಿ ತಡೆಯುವ ಟೇಪು ಪದರು ಪದರಾಗಿ ಸುತ್ತಿ ಮೇಲೊಂದು ಅಲ್ಯೂಮಿನಿಯಂ ತುಂಡು ಮುಚ್ಚಿದೆ. ಒಲೆಗೆ ಕಳಿಸಿದೆ. ಗೆರೆ ನೋಡಿದೆ, ಕೋಣೆಗಳ ಬಿಸಿ ತಿದ್ದಿದೆ, ಮತ್ತೆ ಕಳಿಸಿದೆ. ಕೊನೆಗೊಮ್ಮೆ ಚಿಪ್ಪಿನ ಗೆರೆ ಕರಗುವ ಬಿಸಿಯನ್ನು ಕೂದಲೆಳೆಯಷ್ಟು ದಾಟಿ ಇಳಿಯಿತು, ಮೈಕಿನ ಗೆರೆ ಕೆಳಗೇ ಉಳಿಯಿತು. ಇಷ್ಟು ಚೆಂದದ ಪ್ರೊಫೈಲನ್ನು ನಾನು ನನ್ನ ನೌಕರಿಯಲ್ಲಿ ಹಾಕಿಲ್ಲ.

"ಛಲೋ ಬಂತೇನ್ರಿ?" ಎಂದಳು.

"ಇದಕ್ಕ ಬಂತು. ಇದು ಅದರ ಹಿರೇ ಸೊಸಿ ಅಲ್ಲ ತಂಗಿ, ಬಾಜೂಮನಿಯಾಕಿ. ಆಕಿಗೆ ಹತ್ತಿದ ಬಿಸಿನೇ ಅದಕ್ಕೂ ಹತ್ತತದ ಅಂತ ನಾ ಹೇಳಲಾರೆ."

"ಅಂದಾಜಿಗೆ ಹೇಳ್ರಿ."

ಆ ಶಬ್ದ ಕೇಳಿ ಆವತ್ತು ನನಗೆ ಸಿಟ್ಟು ಬರಲಿಲ್ಲ. "ಅಂದಾಜಿಗೆ, ಆಗಬಹುದು" ಎಂದೆ. ಜೀವನದಲ್ಲಿ ಮೊದಲ ಸಲ ಆ ಮಾತು ನನ್ನ ಬಾಯಿಂದ ಬಂತು.

ಅವಳು ಸೆರಗಿನ ಗಂಟು ಬಿಚ್ಚಿ ವಿಭೂತಿ ತೆಗೆದು ಮೊದಲು ಒಲೆಯ ಹಣೆಗೆ, ಆಮೇಲೆ ಮಗಳ ಹಣೆಗೆ ಹಚ್ಚಿದಳು. ನನ್ನ ಮುಂದೆ ಬಂದು ಕೈ ಹಿಂಜರಿಯಿತು. ನಾನೇ ಹಣೆ ಬಾಗಿಸಿದೆ. ನಂಬಿಕೆಯಿಂದಲ್ಲ. ಅಷ್ಟು ಹೊತ್ತಿಗೆ ನನ್ನ ಹತ್ತಿರ ಬೇರೆ ಏನೂ ಉಳಿದಿರಲಿಲ್ಲ.

ಕೂಸಿನ ಯಂತ್ರದ ಪಟ್ಟಿಗೂ ಹಾಗೆಯೇ ಟೇಪು ಸುತ್ತಿ, ಅಲ್ಯೂಮಿನಿಯಂ ಮುಚ್ಚಿ, ಸರಪಳಿಯ ಮೇಲಿಟ್ಟೆ. ಅದು ಒಳಗೆ ಹೋಯಿತು. ಒಲೆಯ ನಡುವೆ ಒಂದು ಸಣ್ಣ ಗಾಜಿನ ಕಿಟಕಿ ಇದೆ, ಅದರಲ್ಲಿ ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದೆವು. ಒಳಗೆ ಹೋದ ಬೋರ್ಡಿಗೆ ಕೈ ಹಾಕಲು ಬರುವುದಿಲ್ಲ. ನಿಲ್ಲಿಸಿದರೆ ಅಲ್ಲೇ ನಿಂತು ಸುಡುತ್ತದೆ, ಓಡಿಸಿದರೆ ಬೇಯದೆ ಬರುತ್ತದೆ. ಅದು ತನ್ನ ಪಾಡಿಗೆ ಹೋಗಿ ಬರಬೇಕು, ಹೊರಗಿನವರು ನಿಂತು ನೋಡಬೇಕು. ಇಷ್ಟು ವರ್ಷ ಆ ಕಿಟಕಿಯಲ್ಲಿ ನೋಡಿದ್ದೇನೆ, ಒಳಗಿನದು ಯಾರದೋ ಕಿವಿ ಎಂದು ಯಾವತ್ತೂ ಅನಿಸಿರಲಿಲ್ಲ.

ಹೊರಬಂತು. ಆರುವವರೆಗೆ ಮುಟ್ಟಲಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಓರೆಮಾಡಿ ಹಿಡಿದು ನೋಡಿದೆ. ಚಿಪ್ಪಿನ ಅಡಿಯ ಬಿರುಕು ಮಾಯವಾಗಿತ್ತು, ಬೆಸುಗೆ ಹೊಸದರಂತೆ ಹೊಳೆಯುತ್ತಿತ್ತು. ಟೇಪು ಬಿಚ್ಚಿದೆ, ಪಟ್ಟಿಯನ್ನು ಡಬ್ಬಿಯೊಳಗೆ ಕೂಡಿಸಿದೆ, ಬ್ಯಾಟರಿ ಹಾಕಿದೆ. ಹಸಿರು ದೀಪ ಹತ್ತಿತು. ಅಲುಗಾಡಿಸಿದೆ, ಆರಲಿಲ್ಲ. ಟೇಬಲ್ಲಿಗೆ ಮೆಲ್ಲಗೆ ಬಡಿದೆ, ಆರಲಿಲ್ಲ. ಅವಳು "ಯಪ್ಪಾ ಶಿವನ" ಎಂದು ನೆಲದ ಮೇಲೆ ಕೂತುಬಿಟ್ಟಳು. ನಾನು ಅತ್ತುಬಿಟ್ಟೆ. ಅಳುವುದು ನನ್ನ ಜಾಯಮಾನವಲ್ಲ, ಆದರೂ ಅತ್ತೆ.

ಕಣ್ಣೊರೆಸಿಕೊಂಡು ಎದ್ದು ಅವಳೇ ಅದನ್ನು ಮಗಳ ಕಿವಿಗೆ ಸಿಕ್ಕಿಸಿದಳು. ಎದುರಿಗೆ ಮೊಣಕಾಲೂರಿ ಕೂತು, ನಗುತ್ತ, ಬಾಯಿ ಅಗಲ ಮಾಡಿ ಕೇಳಿದಳು. "ಕೇಳತೈತೇನವಾ? ಅವ್ವಾಂದು ಕೇಳತೈತಿ?"

ಕೂಸು ತಾಯಿಯ ಮುಖ ನೋಡಿತು. ಹೆಬ್ಬೆರಳಿನ ನೋವು ಶುರುವಾದಂದಿನಿಂದ ಆ ಮುಖ ಹಾಗೆ ನಕ್ಕಿರಲಿಲ್ಲ. ಕೂಸೂ ನಕ್ಕು ಹೂಂ ಎಂಬಂತೆ ತಲೆಯಾಡಿಸಿತು. ಅವಳು ಮಗಳನ್ನು ಬಾಚಿ ಅಪ್ಪಿಕೊಂಡಳು, ಮತ್ತೆ ಎದುರಿಗೆ ಹಿಡಿದು ಕೇಳಿದಳು, ಕೂಸು ಮತ್ತೆ ತಲೆಯಾಡಿಸಿತು.

ಅಲ್ಲಿಗೆ ಬಿಟ್ಟು ನಾನು ಮನೆಗೆ ಹೋಗಬಹುದಾಗಿತ್ತು. ಆ ಭಾನುವಾರ ಒಂದಾದರೂ ಅವಳಿಗೆ ಸುಖದಲ್ಲಿ ಕಳೆಯುತ್ತಿತ್ತು. ಆದರೆ ಹಸಿರು ದೀಪ ಹೇಳುವುದು ಕರೆಂಟು ಹರಿಯುತ್ತಿದೆ ಎಂದಷ್ಟೇ. ಮೈಕು ಬದುಕಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ, ಗೊತ್ತಿಲ್ಲದೆ ಇರಲು ನನಗೆ ಬರುವುದಿಲ್ಲ. ಬೋರ್ಡು ಇಡುವ ಸ್ಟೀಲಿನ ತಟ್ಟೆಯೊಂದನ್ನು ಎತ್ತಿಕೊಂಡು ಕೂಸಿನ ಬೆನ್ನ ಹಿಂದೆ ಹೋಗಿ ಕಬ್ಬಿಣದ ಟೇಬಲ್ಲಿಗೆ ಬಲವಾಗಿ ಬಡಿದೆ.

ಬೆಚ್ಚಿ ತಲೆಯೆತ್ತಿದವಳು ತಾಯಿ.

ಕೂಸು ಅಲುಗಲಿಲ್ಲ. ಅವಳು ಯಾಕೆ ಬೆಚ್ಚಿದಳೆಂದು ತಿಳಿಯದೆ ಅವಳ ಗಲ್ಲ ಮುಟ್ಟಿ ನೋಡಿತು. ಅವಳು ನನ್ನ ಕೈಯ ತಟ್ಟೆ ನೋಡಿದಳು, ನನ್ನ ಮುಖ ನೋಡಿದಳು, ಮಗಳನ್ನು ನೋಡಿದಳು.

"ಇನ್ನೊಮ್ಮಿ ಬಡೀರಿ ಅಕ್ಕಾರ" ಎಂದಳು. "ಸ್ವಲ್ಪ ಜೋರ ಬಡೀರಿ."

ಬಡಿದೆ. ಇನ್ನೂ ಜೋರಾಗಿ ಎಂದಳು, ಇನ್ನೂ ಜೋರಾಗಿ ಬಡಿದೆ. ಖಾಲಿ ಕಾರ್ಖಾನೆಯಲ್ಲಿ ಸಪ್ಪಳ ತಗಡಿನ ಮಾಡಿಗೆ ತಾಗಿ ನಮ್ಮ ಮೇಲೇ ಬೀಳುತ್ತಿತ್ತು. ಕೂಸು ತಾಯಿಯ ಬಾಯನ್ನೇ ನೋಡುತ್ತ, ನಗುತ್ತ, ಹೂಂ ಹೂಂ ಎಂದು ತಲೆಯಾಡಿಸುತ್ತಲೇ ಇತ್ತು.